ಎಂಟಾಣೆಯಷ್ಟು ಬಿಳುಪು

ಫ್ಯಾನು ಒಂದು ಸುತ್ತು ತಿರುಗಿ ನಿಂತಿತು, ಕರೆಂಟು ಬಂತೋ ಹೋಯಿತೋ ಅದಕ್ಕೇ ಗೊತ್ತಿಲ್ಲ, ಮತ್ತೆ ತಿರುಗಿತು, ಕೆಳಗಿನ ಇರಾನಿ ಹೋಟೆಲಿನ ಚಹಾದ ವಾಸನೆ ಮೆಟ್ಟಿಲು ಹತ್ತಿ ಬಂತು, ಕೌಂಟರಿನ ಮೇಲೆ ಎರಡು ಕ್ಯಾಮೆರಾಗಳು ಅಕ್ಕಪಕ್ಕ ಕೂತಿವೆ, ಹೊಸದು ಎದೆ ಉಬ್ಬಿಸಿಕೊಂಡು, ಹಳೆಯದು ಒಂದು ಕಡೆ ವಾಲಿಕೊಂಡು — ಬ್ಯಾಟರಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ, ಅದಕ್ಕೇ ನೆಟ್ಟಗೆ ಕೂರುವುದಿಲ್ಲ, ಕೂರದಿದ್ದರೇನು, ನಾನೇನು ಅದನ್ನು ಕೂರಿಸಿ ಪೂಜೆ ಮಾಡುತ್ತೇನೆಯೇ. ಐದು ಗಂಟೆಗೆ ಚಂದ್ರಕಾಂತ ಬರುತ್ತಾನೆ, ಕೋಠಿಯ ಕ್ಯಾಮೆರಾ ಅಂಗಡಿಯವನು, ಉದಗೀರದವನು, ಮೂರು ಭಾಷೆಯನ್ನು ಒಂದೇ ಬಾಯಲ್ಲಿ ಅಗಿಯುವವನು, ಎರಡು ದಿನ ಇಟ್ಕೊಂಡು ನೋಡ್ರಿ ಗುರುಶಾಂತ್ ಭಾಯ್, ಪಸಂದ್ ಬಿದ್ದರ ಹಳೇದು ನನಗ ಕೊಟ್ಟು ಹೊಸದು ಇಟ್ಕೋರಿ, ಇಲ್ಲಾಂದ್ರ ವಾಪಸ್, ಕ್ಯಾ ಫರಕ್ ಪಡ್ತಾ, ಅಂದಿದ್ದ. ಇದರಲ್ಲಿ ಯೋಚಿಸುವುದೇನೂ ಇಲ್ಲ, ವಾಪಸ್ ಕೊಡುತ್ತೇನೆ. ಹತ್ತು ಮೆಗಾಪಿಕ್ಸೆಲ್ ಅಂತೆ. ಎರಡು ಇಂಚು ಅಗಲ ಎರಡು ಇಂಚು ಉದ್ದದ ಚೌಕದಲ್ಲಿ ಒಂದು ಮುಖ ಕೂರಿಸಲು ಹತ್ತು ಯಾತಕ್ಕೆ, ಚಟಾಕು ಅಕ್ಕಿ ಬೇಯಿಸಲು ಮದುವೆ ಮನೆಯ ಹಂಡೆ ಯಾತಕ್ಕೆ, ನನ್ನ ನಾಲ್ಕೇ ಸಾಕು. ಹಳೆಯದರ ಗುಂಡಿ ಒತ್ತಿದರೆ ಅದು ಒಂದು ಗಳಿಗೆ ಯೋಚಿಸಿ ಆಮೇಲೆ ಫೋಟೊ ತೆಗೆಯುತ್ತದೆ, ಬೇರೆಯವರ ಕೈಯಲ್ಲಿ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಬರುತ್ತಾರೆ, ಆ ಗಳಿಗೆ ನನ್ನ ಬೆರಳಿಗೆ ಬಾಯಿಪಾಠ, ರೆಪ್ಪೆ ಬೀಳುವ ಮೊದಲೇ ನನಗೆ ತಿಳಿಯುತ್ತದೆ. ಇದು ಅಂಗಡಿಯಲ್ಲಿ ಸಿಗುವ ಮಾಲಲ್ಲ.

ಮೂರು ವರ್ಷ, ಒಂದೇ ಒಂದು ಫೋಟೊ ವಾಪಸ್ ಬಂದಿಲ್ಲ, ಈ ಮಾತನ್ನು ಹಿಮಾಯತ್‌ನಗರದಲ್ಲಿ ಇನ್ನೊಬ್ಬ ಸ್ಟುಡಿಯೋದವನು ಎದೆ ತಟ್ಟಿ ಹೇಳಲಿ ನೋಡೋಣ. ಸೇಡಂನಿಂದ ಬಂದಾಗ ಮದುವೆ ಫೋಟೊ ತೆಗೆಯುತ್ತಿದ್ದೆ, ಊಟದ ಪಂಕ್ತಿಯ ಫೋಟೊ, ಅಕ್ಕಿಕಾಳು ಎರಚುವ ಫೋಟೊ, ಆಮೇಲೆ ಹೈಟೆಕ್ ಸಿಟಿ ಎದ್ದಿತು, ಊರಿನ ಅರ್ಧ ಜನಕ್ಕೆ ಅಮೆರಿಕದ ದಾರಿ ಕಂಡಿತು, ಈಗ ಶಂಶಾಬಾದಿನಲ್ಲಿ ಅವರನ್ನೆಲ್ಲ ಹಾರಿಸಲು ಹೊಸ ವಿಮಾನ ನಿಲ್ದಾಣವೇ ಏಳುತ್ತಿದೆ, ನಾನು ಮದುವೆ ಬಿಟ್ಟು ವೀಸಾ ಹಿಡಿದೆ. ಬೋರ್ಡು ಬರೆಸಿದೆ, ವೀಸಾ ಫೋಟೊ, ಹತ್ತೇ ನಿಮಿಷ. ನಗಬಾರದು ಎನ್ನಲು ತೆಲುಗಿನಲ್ಲಿ ನವ್ವಕಂಡಿ, ಅಲುಗಬಾರದು ಎನ್ನಲು ಹಿಂದಿಯಲ್ಲಿ ಹಿಲ್ನಾ ನಹೀ, ಕನ್ನಡದಲ್ಲಿ ಕಿವಿ ಕಾಣಲ್ರಿ, ಗದ್ದ ಸ್ವಲ್ಪ ಕೆಳಗ, ಅಷ್ಟೇ. ಮತ್ತೆ ಹೆಂಗಸರಿಗೆ ಇನ್ನೊಂದು ಮಾತು, ಅಮ್ಮ, ಕುಂಕುಮ ತೆಗೀಬೇಕ್ರಿ, ವೀಸಾದವರ ನಿಯಮ. ಅಷ್ಟು ಹೇಳಿ ನಾನು ಪರದೆ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗುತ್ತೇನೆ, ಉಳಿದದ್ದು ಉಮಾಶ್ರೀಯ ಕೆಲಸ. ಹೆಂಡತಿ ಅಂದರೆ ಹಾಗಿರಬೇಕು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿ ಒಂದು ಕೈಯಲ್ಲಿ, ಕುಂಕುಮದ ಭರಣಿ ಇನ್ನೊಂದು ಕೈಯಲ್ಲಿ, ಒರೆಸುತ್ತಾಳೆ, ನಾನು ತೆಗೆಯುತ್ತೇನೆ, ಫ್ಲ್ಯಾಶ್ ಆರುವುದರೊಳಗೆ ಅವಳ ಬೆರಳು ಮತ್ತೆ ಹಣೆಗೆ ಹೋಗಿರುತ್ತದೆ, ಬರಿ ಹಣೆಯಲ್ಲಿ ಯಾರನ್ನೂ ಮೆಟ್ಟಿಲು ಇಳಿಸುವುದಿಲ್ಲ ಅವಳು. ಆ ನಡುವಿನ ಅರ್ಧ ನಿಮಿಷದಲ್ಲಿ ಹಣೆಯ ಮೇಲೆ ಒಂದು ಬಿಳಿ ಬೊಟ್ಟು ಕಾಣುತ್ತದೆ, ನಲವತ್ತು ವರ್ಷ ಬಿಸಿಲು ಕಾಣದ ಚರ್ಮ, ಎಂಟಾಣೆಯಷ್ಟು. ಅದು ಫೋಟೊದಲ್ಲೂ ಬರುತ್ತದೆ, ಕಂಪ್ಯೂಟರಿನಲ್ಲಿ ಮುಖ ತಿದ್ದಬಾರದು, ಹಾಗಾಗಿ ಬಿಟ್ಟಿದ್ದೇನೆ. ಇರಲಿ, ಬಿಳುಪಿನಿಂದ ಯಾರ ವೀಸಾ ನಿಂತಿದೆ.

ಕುಂಕುಮದ ನಿಯಮವನ್ನು ಕಂಡುಹಿಡಿದವನೇ ನಾನು, ಹೇಳಿಕೊಂಡರೆ ತಪ್ಪಿಲ್ಲ. ಗಾನವಿ, ಮೈಸೂರಿನ ಹುಡುಗಿ, ಮದುವೆಯಾಗಿ ಹದಿನೈದು ದಿನ, ಗಂಡನ ಹಿಂದೆ ಹೋಗುವವಳು, ಚೆನ್ನೈನ ವೀಸಾ ಆಫೀಸಿನಿಂದ ಫೋನು ಮಾಡಿ ಅತ್ತಳು, ಫೋಟೊ ವಾಪಸ್ ಕೊಟ್ಬಿಟ್ರು ಸಾರ್, ಹಣೆ ಮೇಲೆ ಏನೋ ಬಿಳಿ ಚುಕ್ಕೆ ಇದೆಯಂತೆ. ಅದಾಗಿ ಅದೇ ವಾರ ಇನ್ನಿಬ್ಬರದು, ಅವರೂ ಹೆಂಗಸರೇ. ಹಣೆಯ ಮೇಲೆ ಇದ್ದದ್ದೇನು, ಕುಂಕುಮ. ಹಾಗಾದರೆ ಕುಂಕುಮ ಬೇಡ. ಇಷ್ಟು ಲೆಕ್ಕ ಹಾಕಲು ಕಾಲೇಜು ಯಾತಕ್ಕೆ. ಅಂದಿನಿಂದ ಒಂದೂ ವಾಪಸ್ ಬರಲಿಲ್ಲ, ಈ ರಸ್ತೆಯ ಇನ್ನು ಮೂರು ಸ್ಟುಡಿಯೋದವರು ನನ್ನನ್ನು ನೋಡಿ ಕಲಿತರು, ಈಗ ಅವರೂ ಹತ್ತಿ ಇಟ್ಟಿದ್ದಾರೆ, ಗುರುಶಾಂತಪ್ಪ ಹೇಳಿದರೆ ಮುಗಿಯಿತು ಎನ್ನುತ್ತಾರೆ.

ನಿನ್ನೆ ಬಂದವರೊಬ್ಬರೇ ಮಾತಿಗೆ ಮಾತು ಕೊಟ್ಟರು. ಗಿರಿಜಾಬಾಯಿ, ಬಸವಕಲ್ಯಾಣದವರು, ಮಿಯಾಪುರದಲ್ಲಿ ಮಗನ ಮನೆಯಲ್ಲಿದ್ದಾರೆ, ಅಮೆರಿಕದಲ್ಲಿ ಮಗಳು ತುಂಬಿದ ಬಸುರಿ, ಬಾಣಂತನಕ್ಕೆ ಹೋಗಬೇಕು, ಗುರುವಾರ ಚೆನ್ನೈನಲ್ಲಿ ವೀಸಾ ಸಂದರ್ಶನ. ಗಂಡ ಕಲ್ಯಾಣಪ್ಪ ಜೊತೆಗೆ ಬಂದಿದ್ದರು, ಮೆಟ್ಟಿಲು ಹತ್ತಿದ್ದಕ್ಕೇ ಬೆವರು, ಕುರ್ಚಿ ಹಿಡಿದು ಕೂತರು, ಅಂಗಿಯ ಮೇಲಿನ ಗುಂಡಿ ಬಿಚ್ಚಿದಾಗ ಎದೆಯ ಮೇಲೆ ಹೊಲಿಗೆಯ ಗುರುತು ಕಂಡಿತು. ಅವರು ಹೋಗುವಂತಿಲ್ಲ, ಡಾಕ್ಟರು ವಿಮಾನ ಬೇಡ ಅಂದಿದ್ದಾರೆ. ಆಕೆಯ ಹಣೆ — ಮೊದಲು ಮೇಣ ತೀಡಿ ಅದರ ಮೇಲೆ ಕುಂಕುಮ ಒತ್ತುವ ಹಳೆಯ ಪದ್ಧತಿ, ಒಂದು ಕಣ ಆಚೀಚೆ ಹೋಗಿಲ್ಲ, ಅಷ್ಟು ಗುಂಡಗೆ. ನಾನು ನನ್ನ ಮಾತು ಹೇಳಿದೆ, ಉಮಾಶ್ರೀ ಹತ್ತಿ ತಂದಳು, ಆಕೆ ಆ ಕೈ ಹಿಡಿದುಕೊಂಡರು. ಇವರಿಗಿ ಎದಿ ಸೀಳಿ ಮೂರು ತಿಂಗಳಾತ್ರಿ, ಇವರು ಎದುರಿಗಿ ಕುಂತಾಗ ನಾ ಹಣಿ ಬರಿ ಮಾಡ್ಕೊಂಡು ಕೂಡಬೇಕೇನು, ಆಗಂಗಿಲ್ಲ. ಕಲ್ಯಾಣಪ್ಪನವರು ಗೋಡೆಯ ಕಡೆ ಕೈ ತೋರಿಸಿದರು, ನಾನು ಮಾದರಿಗೆಂದು ಅಂಟಿಸಿದ ಒಬ್ಬ ಅಜ್ಜನ ಫೋಟೊ, ಮೂರು ಬೆರಳಿನ ವಿಭೂತಿ, ಆ ಅಜ್ಜಾರ ವಿಭೂತಿ ನಡಿತೈತಿ, ಈಕಿ ಕುಂಕುಮ ಯಾಕ ನಡೆಯಂಗಿಲ್ರಿ. ಅದು ಬೂದಿರಿ, ಇದು ಬಣ್ಣ, ಅಂದೆ. ತಡವರಿಸದೆ ಅಂದೆ. ಆ ಮಾತು ಎಲ್ಲಿಂದ ಬಂತೋ ನನಗೇ ಮೆಚ್ಚುಗೆಯಾಯಿತು. ಗಿರಿಜಾಬಾಯಿ ಎದ್ದು ಸೆರಗು ಹಣೆಯವರೆಗೆ ಎಳೆದುಕೊಂಡು ಮೆಟ್ಟಿಲು ಇಳಿದೇಬಿಟ್ಟರು. ಸಂಜೆ ಕಲ್ಯಾಣಪ್ಪನವರ ಫೋನು ಬಂತು, ಒಪ್ಪ್ಯಾಳ್ರಿ, ನಾಳೆ ನಾಲ್ಕೂವರಿಗಿ ಬರ್ತೀವಿ. ಬರುತ್ತಾರೆ ಎಂದು ನನಗೆ ಗೊತ್ತೇ ಇತ್ತು, ಮಗಳ ಹೊಟ್ಟೆ ಎದುರು ನಿಯಮದ ಜೊತೆ ಯಾರು ಜಗಳ ಮಾಡುತ್ತಾರೆ.

ನಾಲ್ಕು ಗಂಟೆ. ಗಿರಾಕಿಯಿಲ್ಲ. ವಾಪಸ್ ಕೊಡುವ ಮೊದಲು ಚಂದ್ರಕಾಂತನ ಬಾಯಿ ಮುಚ್ಚಿಸಲು ಎರಡರದೂ ಒಂದೊಂದು ಫೋಟೊ ಇಟ್ಟು ತೋರಿಸಬೇಕು, ನೋಡಪ್ಪ, ನನ್ನ ನಾಲ್ಕಕ್ಕೂ ನಿನ್ನ ಹತ್ತಕ್ಕೂ ಏನು ಫರಕು. ಉಮಾ, ಬಾ ಇಲ್ಲಿ, ಕೂಡು. ಯಾಕ್ರಿ, ನನಗ್ಯಾವ ವೀಸಾ, ಅನ್ನುತ್ತ ಬಂದಳು, ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು, ಇಷ್ಟು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಅವಳನ್ನು ಕೂರಿಸಿದ್ದೇ ಇಲ್ಲ, ಎಷ್ಟು ನೆಟ್ಟಗೆ ಕೂತಳು, ಕಿವಿ ಕಾಣುವ ಹಾಗೆ ತಾನೇ ಕೂದಲು ಸರಿಸಿಕೊಂಡಳು. ಮೇಣದ ಮೇಲೆ ಒತ್ತಿದ ಕುಂಕುಮ ಇತ್ತು, ಇರಲಿ, ಇದು ಯಾವ ಆಫೀಸಿಗೆ ಹೋಗುತ್ತದೆ. ಹಳೆಯದರಲ್ಲಿ ತೆಗೆದೆ, ಗಳಿಗೆ ನೋಡಿ, ಕಣ್ಣು ತೆರೆದೇ ಬಂದಿದೆ, ಕುಂಕುಮದ ನಡುವೆ ಮಾತ್ರ ಅಕ್ಕಿಕಾಳಿನಷ್ಟು ಬೆಳ್ಳಗೆ, ಅದೇ ಆ ಚುಕ್ಕೆ, ಗಾನವಿಯ ಚುಕ್ಕೆ, ನೋಡಿದೆಯಾ ನನ್ನ ನಿಯಮ. ಹೊಸದರಲ್ಲಿ ತೆಗೆದೆ. ಚಂದ್ರಕಾಂತ ಅದರ ತಲೆಯ ಮೇಲೆ ಬೇರೆಯೊಂದು ಫ್ಲ್ಯಾಶ್ ಕೂರಿಸಿ ಅದರ ಮುಖವನ್ನು ಚಾವಣಿಯ ಕಡೆಗೆ ಎತ್ತಿಟ್ಟಿದ್ದ, ಹಿಂಗ ಹೊಡೀರಿ ಭಾಯ್, ಬೆಳಕು ಮ್ಯಾಲ ಬಡಿದು ತಣ್ಣಗ ಇಳೀತೈತಿ. ಕಂಪ್ಯೂಟರಿಗೆ ಹಾಕಿದೆ. ಉಮಾಶ್ರೀಯ ಮುಖ, ಬಲಗೆನ್ನೆಯ ಮಚ್ಚೆ, ಮೂಗುತಿಯ ಹರಳು ಮೂರೂ ಎಣಿಸಬಹುದು, ಹಿಂದೆ ಬೆಳ್ಳಗೆ ಪರದೆ, ಹಣೆಯಲ್ಲಿ ಕುಂಕುಮ. ಕುಂಕುಮ ಕೆಂಪಗೆ. ಅಂಚಿನವರೆಗೂ ಕೆಂಪಗೆ. ಎಲ್ಲಿಯೂ ಬಿಳಿ ಇಲ್ಲ. ಇನ್ನೊಂದು ತೆಗೆದೆ, ಅದೂ ಹಾಗೇ. ಉಮಾಶ್ರೀ ಹಿಂದೆ ಬಂದು ನಿಂತಳು, ಒಮ್ಮೆ ಅದನ್ನು ನೋಡಿದಳು, ಒಮ್ಮೆ ಇದನ್ನು ನೋಡಿದಳು, ಹಂಗಾದ್ರ ಕುಂಕುಮದ್ದು ತಪ್ಪಿಲ್ಲೇನ್ರಿ, ಅಂದಳು. ನಾನು ಎದ್ದು ಗೋಡೆಯ ಹತ್ತಿರ ಹೋದೆ.

ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿ ನೇತುಹಾಕಿದ ನಿಯಮದ ಹಾಳೆ ಇದೆ, ಗಿರಾಕಿಗಳು ಓದಲಿ ಎಂದು ಹಾಕಿದ್ದು, ಹಾಕಿದವನು ಓದಿರಲಿಲ್ಲ. ಕಿವಿ ಇದೆ, ಕನ್ನಡಕ ಇದೆ, ಬಿಳಿ ಹಿನ್ನೆಲೆ ಇದೆ, ಮುಖದ ಮೇಲೆ ಬೆಳಕಿನ ಮಿಂಚು ಬೀಳಬಾರದು ಎಂದಿದೆ. ಕುಂಕುಮ ಎಲ್ಲೂ ಇಲ್ಲ. ಕುಂಕುಮದ ಕೆಳಗಿನ ಮೇಣಕ್ಕೆ ನನ್ನ ಫ್ಲ್ಯಾಶ್ ಬಡಿದು ಮಿಂಚಿದ್ದು, ಆ ಮಿಂಚಿಗೇ ಫೋಟೊ ವಾಪಸ್ ಬಂದದ್ದು, ವಿಭೂತಿ ಮಿಂಚುವುದಿಲ್ಲ, ಅದಕ್ಕೇ ಆ ಅಜ್ಜ ಪಾರಾದ. ಬೂದಿರಿ, ಬಣ್ಣರಿ — ಅಷ್ಟು ಜಾಣನಾಗುವ ಬದಲು ಒಂದು ಸಾಲು ಓದಿದ್ದರೆ ಸಾಕಿತ್ತು. ಗಾನವಿಯ ಫೋನು ಬಂದ ವಾರ ಫ್ಲ್ಯಾಶ್ ಆರಿಸಿಯೂ ಒಮ್ಮೆ ತೆಗೆದು ನೋಡಿದ್ದೆ, ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಬಂತು, ಬಿಟ್ಟೆ, ಹತ್ತಿ ಸುಲಭ. ಕಂಪ್ಯೂಟರಿನಲ್ಲಿ ಹಳೆಯ ಫೋಟೊಗಳು ತಾವೇ ತೆರೆದುಕೊಂಡವೋ ನಾನೇ ತೆರೆದೆನೋ, ಸಾಲು ಸಾಲು, ನೂರಾರು, ಅಮ್ಮಂದಿರು, ಅತ್ತೆಯರು, ಹೊಸ ಮದುವಣಗಿತ್ತಿಯರು, ಎಲ್ಲರ ಹಣೆಯಲ್ಲೂ ಆ ಬಿಳಿ ಬೊಟ್ಟು, ಎಂಟಾಣೆ, ಎಂಟಾಣೆ, ನಾಕಾಣೆ, ಎಂಟಾಣೆ. ಇರಲಿ. ಗುರುಶಾಂತ ಇಂಥದ್ದಕ್ಕೆಲ್ಲ ಕುಸಿಯುವವನಲ್ಲ. ದಾರಿ ಸುಲಭವಿದೆ, ಹಳೆಯದನ್ನು ಚಂದ್ರಕಾಂತನ ಕೈಗೆ ಹಾಕಿ ಹೊಸದನ್ನು ಇಟ್ಟುಕೊಳ್ಳುವುದು, ತೀರ್ಮಾನ ಆಗಿಹೋಯಿತು, ಅದರಲ್ಲಿ ಎರಡನೇ ಮಾತಿಲ್ಲ, ಗಿರಿಜಾಬಾಯಿ ಬಂದರೆ ನಗುತ್ತ ಹೇಳುವುದು, ನಿಯಮ ಬದಲಾಗೈತ್ರಿ ಅಮ್ಮ, ನಿನ್ನೆ ರಾತ್ರಿನ ಬಂತು, ಈಗ ಕುಂಕುಮ ನಡಿತೈತಿ, ನಿಮ್ಮ ಪುಣ್ಯ. ಆಕೆಗೂ ಖುಷಿ, ನನ್ನ ಮಾತೂ ಉಳಿಯಿತು. ನಾಳೆಯಿಂದ ಆ ಮೂರು ಸ್ಟುಡಿಯೋದವರಿಗೂ ಅದೇ ಮಾತು, ಬದಲಾಗೈತಿ, ಯಾರು ಕೇಳುತ್ತಾರೆ, ಸರ್ಕಾರಗಳು ನಿಯಮ ಬದಲಿಸುವುದಿಲ್ಲವೇ. ಉಮಾಶ್ರೀ ಮಾತ್ರ ಹತ್ತಿಯ ಡಬ್ಬಿಯ ಮುಚ್ಚಳ ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದಾಳೆ. ನಾ ಎಷ್ಟು ಮಂದಿದು ಒರೆಸೀನ್ರಿ, ಅಂತಾಳೆ, ನನ್ನ ಕಡೆ ನೋಡದೆ. ನಿನ್ನದೇನಿಲ್ಲ, ನಾ ಹೇಳಿದೆ ನೀ ಮಾಡಿದಿ. ಹೂಂ, ಅಂತಾಳೆ. ಆ ಹೂಂ ನನಗೆ ಸೇರಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ, ಒಂದು ಹೆಜ್ಜೆ, ನಿಂತು ಉಸಿರು, ಇನ್ನೊಂದು ಹೆಜ್ಜೆ, ಕಲ್ಯಾಣಪ್ಪನವರದು, ನಾಲ್ಕೂವರೆ ಅಂದರೆ ನಾಲ್ಕೂವರೆ. ಹೊಸ ಕ್ಯಾಮೆರಾ ಕೊರಳಿಗೆ ಹಾಕಿಕೊಂಡೆ, ಭಾರವಿದೆ, ಪರವಾಗಿಲ್ಲ, ಕೈಗೆ ಕೂರುತ್ತದೆ, ಇದರ ಗುಂಡಿ ಯೋಚಿಸುವುದಿಲ್ಲ, ಒತ್ತಿದ ಕೂಡಲೇ ತೆಗೆಯುತ್ತದೆ, ಅದನ್ನೂ ಕಲಿಯುತ್ತೇನೆ, ಬಾಯಲ್ಲಿ ಮಾತು ತಯಾರಿದೆ, ನಿಯಮ ಬದಲಾಗೈತ್ರಿ ಅಮ್ಮ. ಅವರು ಮೊದಲು ಬಂದರು, ಆಕೆ ಹಿಂದೆ, ಸೆರಗು ಮೂಗಿನವರೆಗೆ, ನಿನ್ನೆಯ ಜಗಳದ ಗುರುತೇ ಇಲ್ಲ, ತಾವಾಗಿ ಹೋಗಿ ಸ್ಟೂಲಿನ ಮೇಲೆ ಕೂತರು, ಉಮಾಶ್ರೀ ಭರಣಿ ಹಿಡಿದು ಆಕೆಯ ಪಕ್ಕಕ್ಕೆ ಹೋದಳು, ಹತ್ತಿ ಬೇಡವ್ವ, ಅಂದರು ಆಕೆ, ಸೆರಗು ಸರಿಸಿದರು. ಹಣೆ ಆಗಲೇ ಒರೆಸಿಯಾಗಿದೆ. ಎಣ್ಣೆಯ ಜಿಡ್ಡೂ ಇಲ್ಲ, ಸೋಪು ಹಾಕಿ ತೊಳೆದ ಹಣೆ. ಮುಂಜಾನೇನ ಒರೆಸಿಕೊಂಡೀನಿ, ಅಂದರು, ನನಗೋ ಉಮಾಶ್ರೀಗೋ, ಗಂಡನಿಗಂತೂ ಅಲ್ಲ, ದನಿ ಅಷ್ಟು ಸಣ್ಣಗಿತ್ತು, ಒಮ್ಮಿಗೆ ಆಗಂಗಿಲ್ಲವ್ವ, ಅದಕ್ಕ ಮುಂಜಾನೆಯಿಂದ ಹಿಂಗ ಇದ್ದೀನಿ, ರೂಢಿ ಆಗ್ಲಿ ಅಂತ. ಕಲ್ಯಾಣಪ್ಪನವರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು, ಮಿಯಾಪುರದಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಹೀಗೇ ಕಿಟಕಿಯ ಕಡೆ ತಿರುಗಿಯೇ ಬಂದಿರಬೇಕು. ರೂಢಿ. ನಿಯಮ ಬದಲಾ — ಬಾಯಿ ತೆರೆದೆ, ಆ ಮಾತು ಬರಲಿಲ್ಲ, ಇನ್ನೊಂದು ಬಂತು, ನನ್ನ ದನಿಯೇ ಅಲ್ಲದ ದನಿಯಲ್ಲಿ, ಅಮ್ಮ, ಅಂಥ ನಿಯಮ ಇರಲೇ ಇಲ್ರಿ, ನನ್ನ ಕ್ಯಾಮೆರಾದ್ದು ತಪ್ಪು, ನಂದು ತಪ್ಪು, ಕುಂಕುಮ ಹಚ್ಚಿಕೊಂಡು ಕೂಡ್ರಿ. ಬೈಯಲಿ ಎಂದು ಕಾದೆ, ಬೈಯಲಿಲ್ಲ, ಆಕೆ ನನ್ನನ್ನು ನೋಡಿದರು, ಅಷ್ಟೇ. ಉಮಾಶ್ರೀಯ ಬೆರಳು ಭರಣಿಯಲ್ಲಿ ಅದ್ದಿದೆ, ಎದ್ದಿದೆ, ಹೋಗುತ್ತಿದೆ, ಇನ್ನೂ ಮುಟ್ಟಿಲ್ಲ, ಕ್ಯಾಮೆರಾ ಕೊರಳಲ್ಲಿ ತೂಗುತ್ತಿದೆ, ಫ್ಯಾನು ತಿರುಗಿತೋ ನಿಂತಿತೋ, ಚಂದ್ರಕಾಂತ ಬರುತ್ತಾನೆ, ಬರಲಿ, ಹಳೆಯದನ್ನು ಒಯ್ಯಲಿ, ಅದನ್ನು ಒಯ್ದರೂ — ಆ ಹಣೆ, ಮುಂಜಾನೆಯಿಂದ, ಗಂಡನ ಎದುರಿಗೆ, ಆ ಬಿಳಿ ಬೊಟ್ಟು, ಎಂಟಾಣೆಯಷ್ಟು.