ತಲೆಕೆಳಗಾಗಿ ಕಟ್ಟಿದ ಕಸಿ

ಮೈದುನ ಸುಭಾಸ ಮಾವಿನ ಗಿಡಕ್ಕೆ ಕೊಡಲಿಯ ಮೊದಲ ಏಟು ಹಾಕಿದ್ದ. ಎರಡನೆಯದಕ್ಕೆ ಎತ್ತುವಷ್ಟರಲ್ಲಿ ತೋಟದ ಬಾಗಿಲಿಗೆ ಕಾಲೇಜಿನ ಬಸ್ಸು ಬಂದು ನಿಂತಿತು.

ಗೌರಕ್ಕನಿಗೆ ತಲೆ ಕೆಟ್ಟುಹೋಯಿತು. ಗಂಡ ಮಡಿವಾಳೆಪ್ಪನ ಹೆಣಕ್ಕೆ ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂಡ್ರಿಸಿಯಾಗಿತ್ತು, ಬಮ್ಮಿಗಟ್ಟಿಯ ಅರ್ಧ ಊರು ಬಂದು ಕೂತಿತ್ತು, ಇನ್ನೂ ಕುಣಿಯೇ ತೋಡಿರಲಿಲ್ಲ. ತೋಟದ ಮೂಲೆಯಲ್ಲಿ ಹಿರಿಯರ ಸಮಾಧಿಗಳ ಸಾಲು. ಅಪ್ಪನ ಬಾಜು ಇವನ ಜಾಗ, ಅದರಾಚೆ ಗೌರಕ್ಕನದು. ಈ ಮಹಾರಾಯ ತನ್ನ ಜಾಗದಲ್ಲೇ ಗಿಡ ಹಚ್ಚಿಟ್ಟಿದ್ದ. ಕಡಿಯದೆ ಬೇರೆ ದಾರಿಯಿರಲಿಲ್ಲ.

* * *

ತೋಟಗಾರಿಕೆ ಕಾಲೇಜಿನವರು ಕಸಿ ಕಲಿಯುತ್ತಿದ್ದದ್ದು ಆ ಗಿಡದ ಮೇಲೆ. ಪ್ರತಿ ವರ್ಷ ಹೊಸ ತಂಡ ಬಂದು ಟೊಂಗೆ ಸೀಳಿ, ಕಡ್ಡಿ ಸಿಗಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ ಹೋಗುತ್ತಿತ್ತು. ಹತ್ತಿದ್ದಕ್ಕಿಂತ ಒಣಗಿದ್ದೇ ಹೆಚ್ಚು. ಆ ಗಿಡದಿಂದ ನೆಟ್ಟಗೆ ಒಂದು ಬರಣಿ ಉಪ್ಪಿನಕಾಯಿ ಆದದ್ದಿಲ್ಲ.

ಹೋದ ತಿಂಗಳು ಆ ತಂಡದ ಹುಡುಗಿ, ನವಲಗುಂದದ ಖುಷ್ಬೂ, ಕಡ್ಡಿಯನ್ನು ತಲೆಕೆಳಗು ಮಾಡಿ ಕಟ್ಟುತ್ತಿದ್ದದ್ದು ಚಹಾ ತಂದ ಗೌರಕ್ಕನ ಕಣ್ಣಿಗೇ ಬಿತ್ತು. ಬಾಜು ನಿಂತ ಗಂಡ ಮಾತ್ರ ಬಾಯಿ ಬಿಡಲಿಲ್ಲ. ಬಸ್ಸು ಹೋದ ಮೇಲೆ ಅವಳು ಜಗಳ ತೆಗೆದಳು.

"ಮುಂದಿನ ಸಲ ಬಂದಾಗ ಆಕೀನ ನೋಡ್ತಾಳ," ಎಂದ ಮಡಿವಾಳೆಪ್ಪ. "ನೀ ಬಿಚ್ಚಬ್ಯಾಡ."

* * *

ಆ ಮುಂದಿನ ಸಲ ಇವತ್ತೇ ಬಿದ್ದಿತ್ತು. ಬರಬೇಡಿ ಎಂದು ತಿಳಿಸಲು ಯಾರಿಗೂ ನೆನಪಾಗಿರಲಿಲ್ಲ. ಹುಡುಗರು ಕಸಿಚಾಕು ಹಿಡಿದು ಇಳಿದವರು ಹೆಣ ನೋಡಿ ಹಾಗೇ ನಿಂತರು. ಖುಷ್ಬೂ ಕೈಮುಗಿದು ಬಂದು, ತನ್ನ ಟೊಂಗೆಯ ಪಟ್ಟಿ ಬಿಚ್ಚಿದಳು.

"ಅಕ್ಕಾರ, ಕಡ್ಡಿ ತೆಳಗ ಮ್ಯಾಲ ಮಾಡಿ ಕಟ್ಟೀನ್ರಿ. ಚಿಗುರೊಡಿಯೂ ಕಣ್ಣೆಲ್ಲಾ ನೆಲದ ಕಡೆ ಅದಾವ. ಕಾಕಾರಿಗೆ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವಾ."

ಗೌರಕ್ಕನಿಗೆ ಗಂಡನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಈ ಒಂದು ಮಾತು ಕೇಳಲು ಇವತ್ತಿನ ಮಟ್ಟಿಗೆ ಇರಬಾರದಿತ್ತೇ? ಸಿಟ್ಟಿನ ಹಿಂದೆಯೇ ಅಳುವೂ ಬಂತು.

ಸುಭಾಸ ಮತ್ತೆ ಕೊಡಲಿ ಎತ್ತಿದ.

"ಬಿಡು, ಸಾಕು," ಎಂದಳು ಗೌರಕ್ಕ. "ನನ್ನ ಜಾಗಾದಾಗ ತೋಡ್ರಿ."

"ಮತ್ತ ನಿಮಗ, ವೈನಿ?"

"ಈ ಗಿಡಾ ಒಣಗೂ ಮಟಾ ನಾ ಸಾಯೂ ಹಂಗಿಲ್ಲ. ಅದನ್ನೂ ನಿಮ್ಮಣ್ಣಾರು ನನ್ನ ಕೊರಳಿಗೆ ಕಟ್ಟಿ ಹೋದ್ರು."

ಆಚೆ ಗುದ್ದಲಿಯ ಸದ್ದು ಶುರುವಾಯಿತು. ಕೊಡಲಿಯೇಟಿನ ಗಾಯದಿಂದ ಸೊನೆ ಇಳಿಯುತ್ತಿತ್ತು. ಖುಷ್ಬೂ ಚೀಲದಿಂದ ಹೊಸ ಪಟ್ಟಿ ತೆಗೆದು ಗಾಯದ ಸುತ್ತ ಸುತ್ತತೊಡಗಿದಳು. ಪಟ್ಟಿ ಸಡಿಲಾಗಿತ್ತು. ಗೌರಕ್ಕ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, ಹುಡುಗಿಯ ಬಾಜು ನಿಂತು ಸುಮ್ಮನೆ ನೋಡಿದಳು.