ಬಾಯಿಬಿಟ್ಟು ಹೇಳಿ, ಮೇಷ್ಟ್ರೇ

ಮೇಷ್ಟ್ರ ಕಾರಿಗೆ ಹದಿನೆಂಟು ವರ್ಷ. ಬಣ್ಣ ಮಾಸಿದೆ, ಹಿಂದಿನ ಸೀಟಿನ ಹೊಲಿಗೆ ಎರಡು ಕಡೆ ಬಿಚ್ಚಿದೆ, ಎಂಜಿನ್ ಮಾತ್ರ ಈಗಲೂ ಕೀ ತಿರುಗಿಸಿದ ಕೂಡಲೇ ಶುರುವಾಗುತ್ತದೆ. ಎರಡು ತಿಂಗಳಿಂದ ಅದರ ಮುಂಭಾಗದಲ್ಲಿ ಒಂದು ಸದ್ದು ಸೇರಿಕೊಂಡಿತ್ತು. ಮನೆಯ ಮುಂದೆ ಕಾರು ನಿಲ್ಲಿಸಲು ಸ್ಟೀರಿಂಗ್ ತಿರುಗಿಸಿದರೆ ಸಾಕು, ಅಡುಗೆಮನೆಯಲ್ಲಿದ್ದ ಹೆಂಡತಿಗೆ ಯಜಮಾನರು ಬಂದದ್ದು ಗೊತ್ತಾಗುತ್ತಿತ್ತು.

"ರೀ, ಅದನ್ನ ಒಂದ್ಸಲ ತೋರಿಸಬಾರದಾ?"

"ಹಳೇ ಗಾಡಿ ಕಣೇ. ಸದ್ದು ಮಾಡದೆ ಇರುತ್ತಾ? ನನ್ನ ಮೊಣಕಾಲೂ ಮಾಡುತ್ತೆ."

"ನಿಮ್ಮ ಮೊಣಕಾಲು ಕಳಚಿ ರಸ್ತೆಗೆ ಬೀಳಲ್ಲ."

ಮೇಷ್ಟ್ರು ತೋರಿಸಿಯೇ ಇರಲಿಲ್ಲವೆಂದಲ್ಲ. ಹಿಂದಿನ ತಿಂಗಳು ದಾರಿಬದಿಯ ಅಂಗಡಿಯೊಂದರ ಮುಂದೆ ನಿಲ್ಲಿಸಿ "ಮುಂದೆ ಏನೋ ಸದ್ದು" ಎಂದಿದ್ದರು. ಅಂಗಡಿಯವನು ಚಕ್ರದ ಹಿಂದೆ ಡಬ್ಬಿಯಿಂದ ಪುಸ್ಸೆಂದು ಎಣ್ಣೆ ಹೊಡೆದ. ಸದ್ದು ನಿಂತಿತು. ನಾಲ್ಕು ದಿನ ಮೇಷ್ಟ್ರು ಮನೆಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದರು. ಐದನೆಯ ದಿನ ಸದ್ದು ವಾಪಸ್ಸು ಬಂತು, ಜೊತೆಗೆ ಇನ್ನೊಂದನ್ನೂ ಕರೆದುಕೊಂಡು.

ಈಗ ವಿಷಯವೇ ಬೇರೆ. ಮಗಳಿಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಕಾರು ಅವಳದು. ಆಸ್ಪತ್ರೆಯ ದಾರಿಯಲ್ಲಿ ಮೂರು ಕಿಲೋಮೀಟರ್ ಇಳಿಜಾರು, ಒಂದರ ಬೆನ್ನಿಗೊಂದು ಏಳು ತಿರುವು. ಶನಿವಾರ ಬೆಳಗ್ಗೆ ಹೆಂಡತಿ ಕಾರಿನ ಕೀ ಹಿಡಿದು ಬಾಗಿಲಲ್ಲೇ ನಿಂತಳು.

"ಗ್ಯಾರೇಜಿಗೆ ಹೋಗೋದಾದ್ರೆ ಕೀ ಕೊಡ್ತೀನಿ. ಇಲ್ಲಾಂದ್ರೆ ನನ್ನ ಮಗಳು ಬಸ್ಸಲ್ಲೇ ಹೋಗ್ತಾಳೆ."

ಮೂವರೂ ಗ್ಯಾರೇಜಿಗೆ ಹೊರಟರು. ಊರಿಗೆಲ್ಲ ಅದು ಕಪ್ಪೆ ಗ್ಯಾರೇಜ್. ಕಪ್ಪೆ ಎಂಬುದು ಗ್ಯಾರೇಜಿನ ಯಜಮಾನನಿಗೆ ಶಾಲೆಯಲ್ಲಿ ಬಿದ್ದ ಅಡ್ಡಹೆಸರು, ಮೀಸೆ ನರೆಯಲು ಶುರುವಾದರೂ ಹೋಗಿರಲಿಲ್ಲ.

"ಬನ್ನಿ ಮೇಷ್ಟ್ರೇ. ಏನಾಗಿದೆ?"

"ಒಂದು ಬಗೆಯ ಶಬ್ದ."

"ಯಾವ ಬಗೆ?"

ಮೇಷ್ಟ್ರು ಯೋಚಿಸಿದರು. "ಅಹಿತಕರ."

ಕಪ್ಪೆ ಹಳೇ ಬಟ್ಟೆಯೊಂದಕ್ಕೆ ಕೈ ಒರೆಸಿಕೊಂಡ. "ಹಾಗಂದ್ರೆ ನನಗೇನೂ ಗೊತ್ತಾಗಲ್ಲ. ಬಾಯಲ್ಲಿ ಮಾಡಿ ತೋರಿಸಿ."

"ಏನನ್ನ?"

"ಸದ್ದನ್ನ."

ಮೇಷ್ಟ್ರ ಕಿವಿ ಕೆಂಪಾಯಿತು. ಪಕ್ಕದಲ್ಲಿ ಟಯರ್ ಬಿಚ್ಚುತ್ತಿದ್ದ ಇಬ್ಬರು ಕೆಲಸ ನಿಲ್ಲಿಸಿ ತಲೆಯೆತ್ತಿದರು. ಅವರಿಬ್ಬರೂ ಮೇಷ್ಟ್ರ ಕೈಯಲ್ಲೇ ಓದಿದವರು.

"ನಾನು ಹಾಗೆಲ್ಲ ಮಾಡೋನಲ್ಲ. ನೀನೇ ಓಡಿಸಿ ಕೇಳು."

"ಓಡಿಸ್ತೀನಿ. ಆದ್ರೆ ಎಷ್ಟೋ ಗಾಡಿಗಳು ಡಾಕ್ಟರ ಮುಂದೆ ಕೂತ ರೋಗಿ ಥರ. ಇಲ್ಲಿಗೆ ಬಂದ ಕೂಡಲೇ ಕೆಮ್ಮು ನಿಂತುಹೋಗಿರುತ್ತೆ. ಎರಡು ತಿಂಗಳು ಕೇಳಿರೋರು ನೀವು."

"ನಾನು ಹೇಳ್ತೀನಪ್ಪ," ಎಂದಳು ಹೆಂಡತಿ. "ಟಕಟಕ ಅನ್ನುತ್ತೆ."

"ಇಲ್ಲಮ್ಮ, ಕಿರ್ರ್ ಅನ್ನುತ್ತೆ," ಎಂದಳು ಮಗಳು.

"ಟಕಟಕ!"

"ಕಿರ್ರ್!"

"ಅಕ್ಕಾ, ಅವೆರಡೂ ಒಂದೇ ಅಲ್ಲ," ಎಂದ ಕಪ್ಪೆ. "ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಕಿರ್ರ್ ಅಂದ್ರೆ ಯಾವುದೋ ಕೀಲು ಒಣಗಿರಬಹುದು. ಚಕ್ರ ಗುಂಡಿಗೆ ಇಳಿದಾಗ ಟೊಕ್ ಅಂದ್ರೆ ಕೀಲೋ ರಬ್ಬರ್ ಬುಷ್ಷೋ ಸಡಿಲ. ಪೂರ್ತಿ ತಿರುಗಿಸಿಕೊಂಡು ಮುಂದೆ ಹೋಗುವಾಗ ಟಕಟಕಟಕ ಅಂದ್ರೆ ಆಕ್ಸಲ್ ಜಾಯಿಂಟ್ ಮೇಲೆ ಗುಮಾನಿ. ವೇಗ ಏರಿದ ಹಾಗೆ ಗೊಂಯ್ ಅನ್ನೋದೂ ಏರಿದ್ರೆ ಬೇರಿಂಗೋ ಟಯರೋ ನೋಡಬೇಕು. ಗುಮಾನಿ ಅಷ್ಟೇ, ಬಿಚ್ಚಿ ನೋಡದೆ ತೀರ್ಪು ಕೊಡಕ್ಕಾಗಲ್ಲ. ಆದ್ರೆ ತಪ್ಪು ಸದ್ದು ಹೇಳಿದ್ರೆ ಚೆನ್ನಾಗಿರೋದನ್ನ ಬಿಚ್ಚಿ, ಕೆಟ್ಟಿದ್ದನ್ನ ಒಳಗೇ ಬಿಟ್ಟಿರ್ತೀವಿ. ನಿಜವಾಗಿ ಗೊತ್ತಿರೋದು ಸ್ಟೀರಿಂಗ್ ಹಿಡಿದ ಕೈಗೆ."

ಎಲ್ಲರೂ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಗೋಡೆಯ ಮೇಲಿನ ಸ್ಪ್ಯಾನರ್‌ಗಳನ್ನು ನೋಡಿದರು.

"ಏಳನೇ ಕ್ಲಾಸಲ್ಲಿ ನನ್ನನ್ನ ಒಂದು ಪೀರಿಯಡ್ ಪೂರ್ತಿ ಹೊರಗೆ ನಿಲ್ಲಿಸಿದ್ರಿ, ನೆನಪಿದೆಯಾ?" ಎಂದು ಕಪ್ಪೆ ಕೇಳಿದ.

"ಯಾಕೆ?"

"ಬಾಯಲ್ಲಿ ಕಪ್ಪೆ ಸದ್ದು ಮಾಡಿದ್ದಕ್ಕೆ."

ಟಯರಿನವರಿಬ್ಬರೂ ಬೆನ್ನು ತಿರುಗಿಸಿದರು. ಅವರ ಭುಜಗಳು ಕುಣಿಯುತ್ತಿದ್ದವು.

"ಮಾರನೇ ದಿನ ನೀವೇ ಪಾಠ ಮಾಡಿದ್ರಿ. ಏನು ಕಂಡೆ, ಯಾವಾಗ ಕಂಡೆ, ಎಲ್ಲಿ ಕಂಡೆ, ಮೂರೂ ಬರೆಯದಿದ್ರೆ ಅದು ವೀಕ್ಷಣೆಯೇ ಅಲ್ಲ ಅಂದ್ರಿ. ಈಗ ನೀವು 'ಅಹಿತಕರ' ಅಂತ ಬರೆದ್ರೆ ನಾನೆಷ್ಟು ಅಂಕ ಕೊಡಲಿ?"

ಮೇಷ್ಟ್ರು ಕಾರಿನತ್ತ ತಿರುಗಿದರು. ಮಗಳು ಆಗಲೇ ಚಾಲಕನ ಸೀಟಿನಲ್ಲಿ ಕೂತು, ಕನ್ನಡಿಯನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಳ್ಳುತ್ತಿದ್ದಳು. ಒಂದು ಗಳಿಗೆ ಅವಳನ್ನೇ ನೋಡಿದ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು. ಕಣ್ಣು ಮುಚ್ಚಿದರು. ಎರಡೂ ಕೈಯಲ್ಲಿ ಇಲ್ಲದ ಸ್ಟೀರಿಂಗ್ ಹಿಡಿದು ನಿಧಾನ ತಿರುಗಿಸಿದರು.

"ಕಿರ್ರ್ರ್ರ್ರ್... ಟೊಕ್!"

ಯಾರೂ ನಗಲಿಲ್ಲ. ಅಷ್ಟು ಸರಿಯಾಗಿತ್ತು ಅದು.

"ಇದೇ, ಇದೇ!" ಎಂದಳು ಹೆಂಡತಿ.

"ನಿಂತಲ್ಲೇ ತಿರುಗಿಸುವಾಗ," ಮೇಷ್ಟ್ರು ಕಣ್ಣು ಬಿಡದೆ ಮುಂದುವರಿಸಿದರು. "ಎಡಕ್ಕೆ ತಿರುಗಿಸಿದ್ರೆ ಜಾಸ್ತಿ. ಮನೆ ಮುಂದಿನ ಗುಂಡಿಗೆ ಎಡ ಚಕ್ರ ಇಳಿದ್ರೆ ಬರೀ ಟೊಕ್. ಅದು ಅಂಗಾಲಿಗೂ ತಾಗುತ್ತೆ. ಎಣ್ಣೆ ಹೊಡೆಸಿದ ಮೇಲೆ ನಾಲ್ಕು ದಿನ ಇರಲಿಲ್ಲ."

"ನೂರಕ್ಕೆ ನೂರು," ಎಂದ ಕಪ್ಪೆ.

ಅವನು ಕಾರಿನ ಮುಂಭಾಗ ಎತ್ತಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದ. ಬರೀ ಜಾಕನ್ನು ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು ಎಂದ. ಆಮೇಲೆ ಮೇಷ್ಟ್ರನ್ನೇ ಕರೆದ. "ಎಡ ಚಕ್ರದ ಎರಡು ಪಕ್ಕ ಹಿಡಿದು ಅಲ್ಲಾಡಿಸಿ." ಗಟ್ಟಿಯಾಗಿತ್ತು. "ಸ್ಟೀರಿಂಗ್ ಕಡೆ ತೊಂದರೆ ಕಾಣಲ್ಲ. ಈಗ ಮೇಲೊಂದು ಕೈ, ಕೆಳಗೊಂದು ಕೈ."

ಲೊಟ್. ಲೊಟ್.

ಮೇಷ್ಟ್ರು ಕೈ ಹಿಂದಕ್ಕೆ ತೆಗೆದುಕೊಂಡರು. ಕಪ್ಪೆ ಚಕ್ರ ಬಿಚ್ಚಿ, ಸನ್ನೆಕೋಲು ಕೊಟ್ಟು ಮೀಟಿ ತೋರಿಸಿದ. ಒಂದು ಕೀಲಿನ ರಬ್ಬರ್ ಟೋಪಿ ಹರಿದಿತ್ತು. ಒಳಗೆ ಗ್ರೀಸ್ ಇರಲಿಲ್ಲ, ತುಕ್ಕಿನ ನೀರಿತ್ತು.

"ಇದು ಬಾಲ್ ಜಾಯಿಂಟ್. ನಮ್ಮ ಭುಜದ ಕೀಲಿನ ಥರಾನೇ, ಬಟ್ಟಲೊಳಗೆ ಗುಂಡು. ಚಕ್ರ ಆಚೀಚೆ ತಿರುಗೋದು ಇದರ ಮೇಲೆ. ನೀವು ಹೊಡೆಸಿದ ಎಣ್ಣೆ ಉಳಿದಿದ್ದ ಗ್ರೀಸನ್ನೂ ತೊಳೆದುಬಿಟ್ಟಿದೆ. ಸದ್ದು ನಿಂತಿತು, ಸವೆತ ನಿಲ್ಲಲಿಲ್ಲ."

"ಅದು ಕಳಚಿಕೊಂಡ್ರೆ?" ಎಂದರು ಮೇಷ್ಟ್ರು.

"ಚಕ್ರ ಒಂದು ಕಡೆಗೆ ಮಲಗಿಬಿಡುತ್ತೆ. ಆಮೇಲೆ ಗಾಡಿ ಸ್ಟೀರಿಂಗ್ ಮಾತು ಕೇಳಲ್ಲ."

ಮೇಷ್ಟ್ರು ಮನಸ್ಸಿನಲ್ಲೇ ಇಳಿಜಾರಿನ ಏಳೂ ತಿರುವುಗಳನ್ನು ಇಳಿದು ಬಂದರು. "ಸೋಮವಾರದೊಳಗೆ ಆಗುತ್ತಾ?" ಎಂದು ಮೆಲ್ಲಗೆ ಕೇಳಿದರು.

"ಇವತ್ತೇ ಆಗುತ್ತೆ. ಎಡಕ್ಕೆ ಹೊಸದು ಹಾಕಿ, ಬಲಗಡೆದನ್ನೂ ಪರೀಕ್ಷೆ ಮಾಡಿ, ಕೊನೆಗೆ ಚಕ್ರದ ಅಲೈನ್‌ಮೆಂಟ್ ನೋಡಿ ಕೊಡ್ತೀನಿ."

"ಹಾಗೇ ಇವರ ಮೊಣಕಾಲಿಗೂ ಒಂದು ಹಾಕಿಬಿಡಪ್ಪ," ಎಂದಳು ಹೆಂಡತಿ.

ಸೋಮವಾರ ಸಂಜೆ ಮಗಳು ಒಳಗೆ ಬಂದು ಚಪ್ಪಲಿ ಬಿಡುವವರೆಗೂ ಕಾರು ಬಂದದ್ದು ಅಡುಗೆಮನೆಗೆ ಗೊತ್ತಾಗಲಿಲ್ಲ.

"ಅಪ್ಪ, ಒಂದು ಸದ್ದು ಬರ್ತಿದೆ."

ಮೇಷ್ಟ್ರು ತಿದ್ದುತ್ತಿದ್ದ ಉತ್ತರಪತ್ರಿಕೆ ಬದಿಗಿಟ್ಟು ಖಾಲಿ ಹಾಳೆ ತೆಗೆದರು. "ಮಾಡು."

"ಟಿಣ್ ಟಿಣ್."

"ಯಾವಾಗ?"

"ಬ್ರೇಕ್ ಹಾಕಿದಾಗ."

"ಎಲ್ಲಿಂದ?"

"ಹಿಂದಿನ ಸೀಟಿಂದ."

ಮೇಷ್ಟ್ರು ಟಾರ್ಚ್ ಹಿಡಿದು ಹೋದರು. ಐದು ನಿಮಿಷದಲ್ಲಿ ತಿರುಗಿ ಬಂದರು. ಕೈಯಲ್ಲಿ ಮಗಳ ಖಾಲಿ ಊಟದ ಡಬ್ಬಿ, ಅದರೊಳಗೆ ಒಂದು ಚಮಚ. ಹಾಳೆಯ ಮೇಲೆ ಅದನ್ನೂ ಬರೆದುಕೊಂಡರು.

ಈ ಕಥೆ ಓದಿದವರೇ, ಕೇಳಿದವರೇ, ನಿಮ್ಮ ಹಳೆಯ ಕಾರೂ ಏನಾದರೂ ಹೇಳುತ್ತಿದೆಯೇ? ರೇಡಿಯೋ ಜೋರು ಮಾಡಬೇಡಿ, ಎಣ್ಣೆ ಹೊಡೆಸಿ ಅದರ ಬಾಯಿ ಮುಚ್ಚಿಸಬೇಡಿ. ಎಂಥ ಸದ್ದು, ಯಾವಾಗ, ಯಾವ ಕಡೆಯಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಸರ್ವಿಸಿಗೆ ಬಿಟ್ಟಾಗಲೆಲ್ಲ ಮುಂದಿನ ಕೀಲುಗಳ ರಬ್ಬರ್ ಟೋಪಿ ಹರಿದಿದೆಯೇ ಎಂದು ಕೇಳಿ. ಸ್ಟೀರಿಂಗ್ ಸಡಿಲವೆನಿಸಿದರೆ, ಗಾಡಿ ಇದ್ದಕ್ಕಿದ್ದಂತೆ ಒಂದು ಕಡೆಗೆ ಎಳೆದರೆ ಅಥವಾ ಟೊಕ್ ಎನ್ನುವುದು ದಿಢೀರನೆ ಜೋರಾದರೆ ಓಡಿಸಬೇಡಿ, ಮೆಕ್ಯಾನಿಕ್ಕನ್ನು ಗಾಡಿಯಿದ್ದಲ್ಲಿಗೇ ಕರೆಸಿ. ಅವರು ಬಂದಾಗ ನಾಚಿಕೆ ಬೇಡ, ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿ. ಅದಕ್ಕಾಗಿ ಯಾರೂ ನಿಮ್ಮನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸುವುದಿಲ್ಲ.