ನಾಲ್ಕನೆಯ ಪ್ಲೇಟಿನ ಮಟ್ಟು

ಅನಸೂಯಾಬಾಯಿ ಕಟ್ಟಿದ ಮದುವೆಯ ಹಾಡುಗಳನ್ನು ಇಳಕಲ್ಲಿನಲ್ಲಷ್ಟೇ ಅಲ್ಲ, ಹುನಗುಂದ, ಕಮತಗಿಯ ಮನೆಗಳಲ್ಲೂ ಹಾಡುತ್ತಿದ್ದರು. ಕಟ್ಟಿದವಳು ಮಾತ್ರ ಯಾವ ಮದುವೆಯ ಪಡಸಾಲೆಯಲ್ಲೂ ಕೂತವಳಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ವಿಧವೆಯರ ಕೆಂಪು ಸೀರೆ ಉಟ್ಟು ಅಣ್ಣ ಪಂಢರೀನಾಥನ ಮನೆ ಸೇರಿದ ಮೇಲೆ, ಶುಭಕಾರ್ಯದ ಹೊತ್ತಿಗೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವುದು ರೂಢಿಯಾಗಿತ್ತು. ಮೂವತ್ತೈದು ವರ್ಷ ತನ್ನ ಹಾಡುಗಳನ್ನು ಅವಳು ಅಲ್ಲಿಂದಲೇ ಕೇಳಿದ್ದಳು.

ಆ ವರ್ಷ ವೈಶಾಖದಲ್ಲಿ ಮದುವೆ ಅವರ ಮನೆಯದೇ. ಪಂಢರೀನಾಥನ ಮಗಳು ತುಳಸಾಳನ್ನು ಬಾಗಲಕೋಟೆಯ ಭಾಗೀರಥೀಬಾಯಿಯ ಮಗ ಪ್ರಾಣೇಶನಿಗೆ ಗೊತ್ತು ಮಾಡಿದ್ದರು. ಹುಡುಗ ಸಾಲಿ ಮಾಸ್ತರ. ತುಳಸಾಳಿಗೆ ಮಾತು ತಡೆಯುತ್ತಿತ್ತು. ಎಲ್ಲ ಮಾತೂ ಅಲ್ಲ. ತುಟಿ ಕೂಡಿಸಿ ಆಡುವ ಅಕ್ಷರ ಮೊದಲಿಗೆ ಬಂದರೆ, ಕೂಡಿದ ತುಟಿ ಬಿಡುತ್ತಿರಲಿಲ್ಲ. ಇದನ್ನು ಬೀಗರಿಂದ ಮುಚ್ಚಿಟ್ಟಿರಲಿಲ್ಲ. “ಮಾತಿಗೇನ್ರಿ, ನಮ್ಮ ಮನ್ಯಾಗ ಮಾತಾಡೋರು ಬೇಕಾದಷ್ಟು ಮಂದಿ ಇದ್ದಾರ” ಎಂದು ಭಾಗೀರಥೀಬಾಯಿ ನಕ್ಕುಬಿಟ್ಟಿದ್ದಳು.

ಆದರೆ ಉರುಟಣೆ ತಪ್ಪಿಸುವುದು ಯಾರ ಕೈಯಲ್ಲೂ ಇರಲಿಲ್ಲ. ಮದುವೆಯ ಮರುದಿನ ಮದುಮಗಳು ಗಂಡನ ಕೈಗೆ, ಕಾಲಿಗೆ ಅರಿಷಿಣ ಹಚ್ಚುವಾಗ ಅವನ ಹೆಸರು ಹಿಡಿದು ಹಾಡಬೇಕು. ಮುಂದೆ ಬಾಳಿನುದ್ದಕ್ಕೂ ಬಾಯಲ್ಲಿ ತರದ ಹೆಸರನ್ನು ಅದೊಂದು ದಿನ ಎಲ್ಲರೆದುರು ಅನ್ನಲೇಬೇಕು. ಗಂಡಿನ ಕಡೆಯ ಹೆಂಗಸರು ಆಡಿಕೊಂಡು ನಗುವುದಕ್ಕೆಂದೇ ಮುಂದೆ ಕೂತಿರುತ್ತಾರೆ. ಹಳೆಯ ಉರುಟಣೆ ಹಾಡುಗಳೆಲ್ಲ ಹೆಸರಿನಿಂದಲೇ ಸುರುವಾಗುತ್ತವೆ: “ಪ್ರಾಣೇಶರಾಯರೆ, ಬಲಗೈಯ ನೀಡಿರಿ.” ಮೊದಲ ತಾಳಕ್ಕೇ ‘ಪ್ರಾ’. ಒಮ್ಮೆ ಹರಿದರೆ ತುಳಸಾಳ ಹಾಡು ಎಲ್ಲೂ ನಿಲ್ಲುತ್ತಿರಲಿಲ್ಲ. ಹರಿಯುವುದೇ ಕಷ್ಟವಾಗಿತ್ತು.

ಅನಸೂಯಾಬಾಯಿ ಹೆಸರನ್ನು ಹಿಂದಕ್ಕೆ ಸರಿಸಿ, “ಬಲಗೈಯ ನೀಡಿರಿ, ಪ್ರಾಣೇಶರಾಯರೆ” ಎಂದು ಮಾಡಿ ನೋಡಿದಳು. ‘ಬ’ಕ್ಕೂ ತುಟಿ ಕೂಡಬೇಕು; ಅದನ್ನು ದಾಟಿದರೂ ಹೆಸರಿನ ಮುಂದೆ ಹಳೆಯ ಮಟ್ಟು ಮತ್ತೆ ನಿಲ್ಲುತ್ತದೆ.

“ಎಡಗೈ ಅನ್ನಲೇನು ಅತ್ಯಾ?” ಎಂದಳು ತುಳಸಾ.

“ಎಡಗೈಲೆ ಯಾರರೆ ಸುರು ಮಾಡ್ತಾರೇನ?”

“ಹಂಗಾರ ನೀವು ಅನಂತ ಅಂತ ಹೆಸರಿನಾಂವನ್ನ ಹುಡುಕಬೇಕಾಗಿತ್ತು.”

ಇಬ್ಬರೂ ನಕ್ಕರು. ನಕ್ಕ ಮೇಲೆ ತುಳಸಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಮದುವೆಗೆ ಹದಿನೆಂಟು ದಿನ ಉಳಿದಿತ್ತು.

ಓಣಿಯ ಆಚೆ, ಎದುರು ಮನೆಯ ಮುರ್ತುಜಸಾಬ ಸೀರೆಯ ವ್ಯಾಪಾರಕ್ಕೆ ಸೊಲ್ಲಾಪುರಕ್ಕೆ ಹೋದವನು ಒಂದು ಫೋನೋ, ಹಾಡುವ ಗ್ರಾಮೋಫೋನ್ ಪೆಟ್ಟಿಗೆ, ತಂದಿದ್ದ. ಜೊತೆಗೆ ಹೊಸ ಹಿಂದೀ ಸಿನೆಮಾದ ಹಾಡುಗಳ ಆರು ಪ್ಲೇಟುಗಳಿದ್ದ ಒಂದು ಆಲ್ಬಮ್ಮು. ದಪ್ಪ ರಟ್ಟಿನ ಪುಸ್ತಕದ ಹಾಗೆ, ಪುಟಕ್ಕೊಂದು ಪ್ಲೇಟು. ಅವನ ಹೆಂಡತಿ ಹಜರತಬಿ ಮಧ್ಯಾಹ್ನ ಕೆಲಸ ಮುಗಿಸಿ ಫೋನೋವನ್ನು ಕಿಟಕಿಯಲ್ಲಿಟ್ಟು ಕೀಲಿ ಕೊಟ್ಟರೆ ಓಣಿಗೆಲ್ಲ ಕೇಳುತ್ತಿತ್ತು. ಆಗ ಅನಸೂಯಾಬಾಯಿ ತನ್ನ ಕಿಟಕಿ ಹಾಕಿಕೊಳ್ಳುತ್ತಿದ್ದಳು. ದೇವರ ಹೆಸರಿಲ್ಲದ ಹಾಡಿಗೆ ಅಷ್ಟೊಂದು ವಾದ್ಯ ಯಾಕೆ ಎನ್ನುವುದು ಅವಳ ಮೊದಲ ತಕರಾರು. ಹಾಡುವವಳಿಗೆ ತಾಳ ಬರುವುದಿಲ್ಲ ಎನ್ನುವುದು ಎರಡನೆಯದು.

ಅಂದು ಕಿಟಕಿ ಹಾಕಲು ಹೋದವಳು ಅಲ್ಲೇ ನಿಂತಳು. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತ ತುಳಸಾ ಪ್ಲೇಟಿನ ಜೊತೆ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ಹಾಡಿನಲ್ಲಿ ‘ಪ್ರೀತ್’ ಎಂದೊಂದು ಶಬ್ದ ಬಂತು. ತುಳಸಾಳ ಬಾಯಲ್ಲೂ ಬಂತು, ಎಣ್ಣೆಯಲ್ಲಿ ಜಾರಿದಂತೆ. ಮತ್ತೊಂದು ಸಲ ಬಂತು. ತುಟಿ ಎಲ್ಲೂ ಹಿಡಿಯಲಿಲ್ಲ.

ಮದುವೆಯಾಗದ ಹುಡುಗಿಯ ಬಾಯಲ್ಲಿ ಅದೇನು ಶಬ್ದ ಎಂದು ಬೇರೆ ದಿನವಾಗಿದ್ದರೆ ಬೈಯುತ್ತಿದ್ದಳು. ಇಂದು ಹೊರಗೆ ಬಂದು ಕಟ್ಟೆಯ ಅಂಚಿಗೆ ನಿಂತಳು.

“ಹಜರತಬಿ, ಈಗ ಹಾಡಿತಲಾ, ಅದನ್ನ ಮತ್ತ ಹಚ್ಚು.”

ಹಜರತಬಿ ಕಿಟಕಿಯಲ್ಲಿ ಮುಖವಿಟ್ಟು ನೋಡಿದಳು. “ಬಾಯಾರ, ಮಡಿ ಕೆಡತೈತಿ ನೋಡ್ರಿ.”

“ಕಿವಿಗೆಲ್ಲಿ ಮಡಿ? ಹಚ್ಚು ಅಂದ್ರ ಹಚ್ಚು.”

ಅದು ನಾಲ್ಕನೆಯ ಪ್ಲೇಟು. ನಡುವೆ ಓಣಿ, ಈಚೆ ಕಟ್ಟೆಯ ಮೇಲೆ ಅನಸೂಯಾಬಾಯಿ ಕೂತು ತೊಡೆಯ ಮೇಲೆ ತಾಳ ಹಾಕತೊಡಗಿದಳು. ಸ್ವಲ್ಪ ಹೊತ್ತಿಗೆ ಕೈ ನಿಂತಿತು.

“ಬಂದ್ ಮಾಡು. ಸಾವು ಅಂತದ ಅದು. ‘ಸಾವ ನಾ, ಸಾವ ನಾ’ ಅಂತ ಮೂರು ಸಲ ಅಂತು. ಲಗ್ನದ ಮನಿಗೆ ಇಂಥಾ ಮಟ್ಟು ತರಲೇನು ನಾ?”

ಹಜರತಬಿ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. “ಸಾವಲ್ರಿ ಬಾಯಾರ, ಸಾವನ್. ನಿಮ್ಮ ಶ್ರಾವಣ ಅದು. ಮಳಿ ಬಂತು, ಗಂಡ ಬರಲಿಲ್ಲ ಅಂತ ಅಳಾಕ ಹತ್ಯಾಳ ಅಕಿ.”

“ಶ್ರಾವಣದಾಗ ಗಂಡ ಯಾಕ ಬರ್ತಾನ? ಪಂಚಮಿಗೆ ಹುಡುಗಿ ತವರಿಗೆ ಹೋಗೋದಲ್ಲೇನು?”

“ಅದನ್ನ ಹಾಡ ಬರದಾಂವನ್ನ ಕೇಳ್ರಿ. ನನ್ನ ಗಂಡಂತೂ ಯಾವ ತಿಂಗಳದಾಗೂ ಹೇಳಿದ ದಿನಾ ಬಂದಿಲ್ಲ.”

ಅನಸೂಯಾಬಾಯಿ ಮತ್ತೆ ತೊಡೆಯ ಮೇಲೆ ಕೈಯಿಟ್ಟು, “ಹಚ್ಚು” ಎಂದಳು.

ಅಂದು ಏಳು ಸಲ, ಮರುದಿನ ಹತ್ತು ಸಲ ಅದೇ ಪ್ಲೇಟು. ಉಳಿದ ಐದನ್ನೂ ಹಜರತಬಿ ಒಂದೊಂದು ಸಲ ಕೇಳಿಸಿದಳು. ಅನಸೂಯಾಬಾಯಿಗೆ ಅವು ಕಡೆಗೂ ಸೇರಲಿಲ್ಲ. ನಾಲ್ಕನೆಯದರಲ್ಲಿ ಮಾತ್ರ ಮರುದಿನ ಸಂಜೆಯ ಹೊತ್ತಿಗೆ ಅವಳಿಗೊಂದು ಗುಟ್ಟು ತಿಳಿಯಿತು. ಹಾಡುವವಳು ತಾಳ ತಪ್ಪುತ್ತಿರಲಿಲ್ಲ. ಬೇಕೆಂದೇ ತಾಳವನ್ನು ಮುಂದೆ ಹೋಗಲು ಬಿಡುತ್ತಿದ್ದಳು. ಬಿಟ್ಟು, ‘ಓ’ ಎಂದು ಬಾಯಿ ತೆರೆದು ಎಳೆದು, ಹೊರಟ ಬಂಡಿಗೆ ಹಿಂದಿನಿಂದ ಹತ್ತಿದ ಹಾಗೆ ಶಬ್ದವನ್ನು ಹತ್ತಿಸುತ್ತಿದ್ದಳು. ಅವಳು ಹತ್ತುವ ತನಕ ಆ ಬೇಡವಾದ ವಾದ್ಯಗಳೆಲ್ಲ ಬಂಡಿ ಹೊಡೆಯುತ್ತಿದ್ದವು. ದನಿ ಮೊದಲೇ ಹೊರಟಿರುವುದರಿಂದ ತುಟಿಗೆ ತಡೆಯಲು ಎಡೆಯೇ ಇರಲಿಲ್ಲ.

“ನಮ್ಮ ಹಾಡಿನಾಗ ಹಿಂಗ ಕಾಯೋದು ಇಲ್ಲ ನೋಡು,” ಎಂದಳು ಹಜರತಬಿಗೆ. “ಭಾಳ ಶಾಣ್ಯಾಕಿ ಅದಾಳ ಈಕಿ.”

ಆ ಮಟ್ಟಿಗೆ ಅವಳು ಹೊಸ ಉರುಟಣೆ ಕಟ್ಟಿದಳು: “ಓ… ಅರಿಷಿಣ ತಂದೆನು, ಕೈಯನು ಕೊಡಿರಿ, ಓ… ಪ್ರಾಣೇಶರಾಯರೆ.” ಬಲ, ಎಡ ಎರಡನ್ನೂ ಕೈಬಿಟ್ಟಳು. ತುಳಸಾ ಹದಿನೈದು ದಿನ ಹಿತ್ತಿಲಲ್ಲಿ ಹಾಡಿಕೊಂಡಳು. ಐದಕ್ಕೆ ನಾಲ್ಕು ಸಲ ಹೆಸರು ಬರುತ್ತಿತ್ತು. ಐದನೆಯ ಸಲದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಉರುಟಣೆಯ ದಿನ ಮುಂಜಾನೆಯಿಂದ ಪಡಸಾಲೆ ತುಂಬಿತ್ತು. ಅನಸೂಯಾಬಾಯಿ ತನ್ನ ಜಾಗದಲ್ಲಿ, ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಸಂದಿನಿಂದ ಕಾಣುತ್ತಿದ್ದುದು ಮದುಮಗನ ಮಣೆಯ ತುದಿ, ಅದರ ಮುಂದಿನ ಒಂದಿಷ್ಟು ನೆಲ ಮಾತ್ರ.

ತುಳಸಾ ಹಾಡಿದಳು. ಮೊದಲ ಸಾಲು ಬಂತು. “ಓ…” ಬಂತು. ಆಮೇಲೆ ಏನೂ ಬರಲಿಲ್ಲ.

“ಯಾಕವಾ, ಒಂದ ದಿನಕ್ಕ ಗಂಡನ ಹೆಸರು ಮರತೇನು?” ಎಂದಳು ಬಾಗಲಕೋಟೆಯ ಒಬ್ಬಾಕೆ. ಇಬ್ಬರು ಮೂವರು ನಕ್ಕರು.

ಅನಸೂಯಾಬಾಯಿಗೆ ಗಂಟಲ ತನಕ ಹೆಸರು ಬಂದಿತ್ತು. ಒಳಗಿನಿಂದ ದನಿ ಕೂಡಿಸಿದರೆ ಹುಡುಗಿ ದಾಟುತ್ತಾಳೆ. ಆದರೆ ಅನ್ನಬೇಕಾದವಳು ಅವಳು. ಅನಸೂಯಾಬಾಯಿ ತುಟಿ ಬಿಗಿಹಿಡಿದು ನಿಂತಳು.

ಹೊರಗೆ ತುಳಸಾ ಮತ್ತೆ “ಓ…” ಎಂದಳು. ಈ ಸಲ ಉದ್ದವಾಗಿ, ಅವಸರವಿಲ್ಲದೆ. ಆ ದನಿಯ ಬೆನ್ನಿಗೇ “ಪ್ರಾಣೇಶರಾಯರೆ” ಇಡಿಯಾಗಿ ಹೊರಬಂತು.

“ಯಾವ ಮಟ್ಟವಾ ಇದು? ಹೊಸಾದದ. ಇನ್ನೊಮ್ಮೆ ಅನ್ನು,” ಎಂದಳು ಭಾಗೀರಥೀಬಾಯಿ.

ತುಳಸಾ ಇನ್ನೊಮ್ಮೆ ಹಾಡಿದಳು. ಹೆಸರು ನೀರಿನ ಹಾಗೆ ಹರಿಯಿತು. ಮೊದಲು ಕೆಣಕಿದ ಹೆಂಗಸು ಬಿಡಲಿಲ್ಲ. “ಕೈಗೆ ಹಾಡಿದ್ಲು, ಛಲೋ ಆತು. ಕಾಲಿಗೆ ಹಾಡು ಬ್ಯಾಡ, ಬರೇ ಮಾತಿನಾಗ ಹೆಸರು ಹಿಡದು ಕೇಳಲಿ.”

ಇದಕ್ಕೆ ಅನಸೂಯಾಬಾಯಿಯ ಹತ್ತಿರ ಮಟ್ಟು ಇರಲಿಲ್ಲ. ಸಂದಿಗೆ ಕಣ್ಣಿಟ್ಟಳು.

“ಪ್…” ಎಂದಳು ತುಳಸಾ. “ಪ್… ಪ್…”

ಯಾರೂ ನಗುವ ಮೊದಲೇ ಸಂದಿನಲ್ಲಿ ಒಂದು ಕಾಲು ಕಾಣಿಸಿತು. ಮಣೆಯಿಂದ ಇಳಿದು, ಮುಂದೆ ಚಾಚಿ, ಅರಿಷಿಣದ ಬಟ್ಟಲಿನ ಹತ್ತಿರ ಬಂದು ನಿಂತಿತು. ಕಾಲು ಸಿಕ್ಕಿದ ಮೇಲೆ ಹೆಸರಿನ ಅಗತ್ಯವಿರಲಿಲ್ಲ. ತುಳಸಾ ಆದರೂ ಬಿಡಲಿಲ್ಲ. “ಪ್… ಪ್ರಾಣೇಶರಾಯರ, ಕಾಲು ಕೊಡ್ರಿ,” ಎಂದು ಪೂರ್ತಿ ಮುಗಿಸಿದಳು.

“ಕೇಳೋದರಾಗನ ಕೊಟ್ಟ್ಯಲ್ಲೋ ಪ್ರಾಣೇಶ,” ಎಂದಳು ಭಾಗೀರಥೀಬಾಯಿ. “ಸ್ವಲ್ಪ ತಡೀಬಾರದೇನು?”

ಪಡಸಾಲೆಯೆಲ್ಲ ಮದುಮಗನ ಕಡೆ ತಿರುಗಿ ನಕ್ಕಿತು. ಆ ನಗೆಯಲ್ಲಿ ತುಳಸಾಳ ದನಿಯೂ ಇದ್ದುದು ಬಾಗಿಲ ಹಿಂದೆ ಸ್ಪಷ್ಟವಾಗಿ ಕೇಳುತ್ತಿತ್ತು.